ತೇವರ್‌ಮಲೆ ಜೀಪಿನ ಮುಳ್ಳು

ತೇವರ್‌ಮಲೆ ಗ್ರಾಮ ಪಂಚಾಯತಿಯ ಸಾಂತ್ವನ ಜೀಪಿನಲ್ಲಿ ಡೀಸಲ್ ಭರ್ತಿಯಾಗಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಹಾಗೆಂದು ತೋರಿಸುತ್ತಿತ್ತು, ಪಂಚಾಯತಿ ಹಾಗೆಂದು ನಂಬಿತ್ತು. ಜೀಪು ಮಾತ್ರ ಡೀಸಲ್ ಬತ್ತಿ ಏಲಕ್ಕಿ ಗೋದಾಮಿನ ತಿರುವಿನಲ್ಲಿ ನಿಂತಿತ್ತು.

ಹಾಸಿಗೆ ಹಿಡಿದವರ ಮನೆಮನೆಗೆ ನರ್ಸ್ ಲಿಸ್ಸಿಯನ್ನು ಕರೆದೊಯ್ಯುವುದು ಡ್ರೈವರ್ ಭಾಸುರಾಂಗನ್ ಕೆಲಸ. ಆವತ್ತು ಗುಡ್ಡದ ತುದಿಯಲ್ಲಿರುವ ಮರಿಯಮ್ಮಚ್ಚಿಗೆ ಮೂತ್ರದ ನಳಿಕೆ ಬದಲಿಸಬೇಕಿತ್ತು. ತಡವಾದರೆ ಮುದುಕಿಗೆ ಜ್ವರ ಏರುತ್ತದೆ, ಆಮೇಲೆ ದೇವರೇ ಗತಿ. ಲಿಸ್ಸಿ ಚೀಲ ಹೆಗಲಿಗೇರಿಸಿ ಬೈಯುತ್ತಲೇ ಗುಡ್ಡ ಹತ್ತಿದಳು. ಭಾಸುರಾಂಗನ್ ಖಾಲಿ ಕ್ಯಾನು ಹಿಡಿದು ಪಂಚಾಯತಿ ಕಚೇರಿಗೆ ಬಂದ.

ಕಾರ್ಯದರ್ಶಿ ಉಣ್ಣಿತ್ತಾನ್ ಸಾರ್ ನಿಯಮಕ್ಕೆ ಜೀವ ಬಿಡುವವರು. ಹಿಂದಿನ ಡ್ರೈವರ್ ಡೀಸಲ್ ಕದ್ದು ಮಾರಿದ ಮೇಲೆ ಅವರೇ ಒಂದು ನಿಯಮ ತಂದಿದ್ದರು: ಮುಳ್ಳು ಕಾಲುಭಾಗಕ್ಕಿಂತ ಕೆಳಗೆ ಇಳಿಯದ ಹೊರತು ಡೀಸಲ್ ಚೀಟಿ ಕೊಡತಕ್ಕದ್ದಲ್ಲ.

"ಟ್ಯಾಂಕು ಖಾಲಿ ಸಾರ್. ಕೋಲು ಬಿಟ್ಟು ನೋಡಿದೆ, ತುದಿ ಕೂಡ ಒದ್ದೆ ಆಗ್ಲಿಲ್ಲ."

"ಯಾವ ಕೋಲು?"

"ಮರಗೆಣಸಿನ ಗಿಡದ್ದು ಸಾರ್."

ಮರಗೆಣಸಿನ ಕೋಲಿಗೆ ಪಂಚಾಯತಿಯ ಮಾನ್ಯತೆ ಇಲ್ಲವೆಂದು ಸಾರ್ ಸಮಾಧಾನದಿಂದ ತಿಳಿಹೇಳಿದರು.

ಆದರೂ ಜನಹಿತದ ಪ್ರಶ್ನೆ ನೋಡಿ, ಆಡಳಿತ ಪಕ್ಷದಿಂದ ಒಬ್ಬರು, ವಿರೋಧ ಪಕ್ಷದಿಂದ ಒಬ್ಬರು ಸೇರಿ ತಾಂತ್ರಿಕ ಉಪಸಮಿತಿ ಆಯಿತು. ಜೀಪನ್ನು ತಳ್ಳಿಸಿ ಅಂಗಳಕ್ಕೆ ತಂದರು. ಪರಿಪ್ಪುವಡೆ, ಚಹಾ ಮುಗಿದ ಮೇಲೆ ಆಡಳಿತದವರು ಹಾರನ್ ಒತ್ತಿ ನೋಡಿದರು. ವಿರೋಧದವರು ಅದನ್ನು ಪ್ರತಿಭಟಿಸಿ ತಾವೂ ಒಮ್ಮೆ ಒತ್ತಿದರು. ವರದಿ ಸರ್ವಾನುಮತದ್ದು: ಮುಳ್ಳು ಸುಸ್ಥಿತಿಯಲ್ಲಿದೆ, ಮುಳ್ಳು ತೋರಿಸಿದಷ್ಟು ಡೀಸಲ್ ಹೊಂದಿರುವಲ್ಲಿ ಟ್ಯಾಂಕು ವಿಫಲವಾಗಿದೆ. ಕಾರಣ ಕೇಳುವ ನೋಟಿಸನ್ನು ಟ್ಯಾಂಕಿಗೆ ಅಂಟಿಸಲಾಯಿತು.

ನೋಟಿಸಿಗೆ ಟ್ಯಾಂಕು ಉತ್ತರಿಸಲಿಲ್ಲ. ಭಾಸುರಾಂಗನ್‌ಗೆ ತಲೆ ಕೆಟ್ಟುಹೋಯಿತು. ಕೀಲಿ ತಿರುಗಿಸಿಟ್ಟು ಜೀಪಿನಡಿ ತೂರಿದ. ಟ್ಯಾಂಕಿನಿಂದ ಮುಳ್ಳಿಗೆ ಹೋಗುವ ತಂತಿಯ ಹೊದಿಕೆ ಸವೆದು, ತಂತಿ ಜೀಪಿನ ಕಬ್ಬಿಣದ ಚಾಸಿಗೆ ತಾಗಿಕೊಂಡಿತ್ತು; ಅದಕ್ಕೇ ಮುಳ್ಳು ಸದಾ ಫುಲ್. ಟೇಪು ಸುತ್ತಿದ್ದರೆ ಮುಗಿಯುತ್ತಿತ್ತು. ಸಿಟ್ಟಿನಲ್ಲಿ ತಂತಿಯನ್ನೇ ಕಿತ್ತ. ಮುಳ್ಳು ದೊಪ್ಪನೆ ಖಾಲಿಗೆ ಬಿತ್ತು. ಸಾರ್ ಬಂದು ನೋಡಿ, ಅಲ್ಲೇ ಬಾನೆಟ್ಟಿನ ಮೇಲೆ ಚೀಟಿ ಬರೆದುಕೊಟ್ಟರು.

ತಂತಿಯನ್ನು ಮತ್ತೆ ಜೋಡಿಸುವ ಬುದ್ಧಿ ಅವನಿಗೆ ಬರಲಿಲ್ಲ. ಬಂತು ಎನ್ನಿ, ಅದುಮಿಟ್ಟ. ದಿನಾ ಬೆಳಗ್ಗೆ ಮುಳ್ಳು ಖಾಲಿ, ದಿನಾ ಬೆಳಗ್ಗೆ ಚೀಟಿ. ಟ್ಯಾಂಕು ತುಂಬಿತು. ಮಿಕ್ಕಿದ್ದು ಸಾರ್ ಮನೆಯ ಜನರೇಟರಿಗೆ, ಭಾಸುರಾಂಗನ್ ಭಾವನ ಆಟೋಗೆ ಹೋಯಿತು. ವಿರೋಧ ಪಕ್ಷದವರು ತಮ್ಮ ಪಂಪ್‌ಸೆಟ್ಟಿಗೆ ಪ್ರತಿಭಟನೆ ದಾಖಲಿಸಿಯೇ ಒಯ್ದರು.

ಇಷ್ಟರಲ್ಲಿ ಉಪಸಮಿತಿ, ತಿರುವಿನಲ್ಲಿ ನಿಂತುಹೋದ ಪ್ರಕರಣ ಮರುಕಳಿಸದಿರಲೆಂದು ಇನ್ನೊಂದು ನಿಯಮ ಮಾಡಿತು: ಮುಳ್ಳು ಖಾಲಿ ತೋರಿಸುವ ವಾಹನ ಗುಡ್ಡ ಹತ್ತಕೂಡದು. ತುಂಬಿದ ಟ್ಯಾಂಕು ಹೊತ್ತು ಜೀಪು ಅಂಗಳದಲ್ಲೇ ಉಳಿಯಿತು. ಮರಿಯಮ್ಮಚ್ಚಿಯ ನಳಿಕೆಯ ದಿನ ಮತ್ತೆ ಬಂತು. ಭಾಸುರಾಂಗನ್ ಟೇಪು ಹಿಡಿದು ಜೀಪಿನಡಿ ತೂರಿದ. ಸಾರ್ ಬಗ್ಗಿ ಕೇಳಿದರು.

"ಸರಿಮಾಡಿದ್ರೆ ಮುಳ್ಳು ಏನು ತೋರಿಸುತ್ತೆ ಭಾಸುರಾಂಗಾ?"

"ಫುಲ್ ಸಾರ್."

"ಆಮೇಲೆ ನಾಳೆ ಚೀಟಿ?"

ಭಾಸುರಾಂಗನ್ ಟೇಪನ್ನು ಜೇಬಿಗೆ ಹಾಕಿಕೊಂಡು ಹೊರಬಂದ.

ಮರುದಿನ ಪ್ರಕಟಣೆ ಹೊರಟಿತು: ಸಾಂತ್ವನ ಯೋಜನೆಯ ಮನೆಭೇಟಿಗಳು ಇನ್ನು ಪಂಚಾಯತಿ ಅಂಗಳದಲ್ಲೇ ನಡೆಯುತ್ತವೆ, ಹಾಸಿಗೆ ಹಿಡಿದವರು ಹಾಸಿಗೆ ಸಮೇತ ಹಾಜರಿರತಕ್ಕದ್ದು. ಮೊಮ್ಮಕ್ಕಳು ಮರಿಯಮ್ಮಚ್ಚಿಯನ್ನು ಕುರ್ಚಿಗೆ ಕಟ್ಟಿ ಗುಡ್ಡ ಇಳಿಸಿ ತಂದರು. ಹೊರೆ ಇಳಿಸುವ ಹಕ್ಕು ತಮ್ಮದೆಂದು ಹಮಾಲಿ ಸಂಘದವರು ಪಕ್ಕದಲ್ಲಿ ನಿಂತು ನೋಡಿದರು. ನೋಡಿದ್ದಕ್ಕೆ ಸಲ್ಲಬೇಕಾದ ನೋಟಕೂಲಿಯನ್ನು ಡೀಸಲ್ ರೂಪದಲ್ಲಿ ಕೊಡಲಾಯಿತು.

ಜೀಪಿನ ಹಿಂದುಗಡೆ ಪರದೆ ಕಟ್ಟಿ ಲಿಸ್ಸಿ ನಳಿಕೆ ಬದಲಿಸಿದಳು. ಮುದುಕಿಯ ಮೈ ಕಾದ ಹಂಚಾಗಿತ್ತು. "ಭಾಸುರಾಂಗನ್ ಚೇಟಾ, ನಿಮಗೆ ಅನ್ನ ಹೇಗೆ ಇಳಿಯುತ್ತೆ?" ಎಂದು ಲಿಸ್ಸಿ ಕೇಳಿದಳು. ಭಾಸುರಾಂಗನ್ ಮುಳ್ಳಿನತ್ತ ನೋಡಿದ, ಇನ್ನೆಲ್ಲಿ ನೋಡುವುದೆಂದು ಅವನಿಗೆ ತಿಳಿಯಲಿಲ್ಲ.

ಅಮ್ಮಚ್ಚಿಯೂ ಕತ್ತು ಚಾಚಿ ಅದನ್ನೇ ನೋಡಿದಳು. "ಪಾಪ, ಒಂದು ತೊಟ್ಟೂ ಇಲ್ವಲ್ಲ ಮಗಾ. ನಿನ್ನ ಅಲ್ಲಿವರೆಗೆ ಹೇಗೆ ಕರೆಸ್ಲಿ? ಇರ್ಲಿ, ನಾನೇ ಬರ್ತೀನಿ."

ಮುಂದಿನ ಸಲ ಅವಳು ಮಡಿಲಲ್ಲಿ ಒಂದು ಬಾಟಲಿ ಡೀಸಲ್ ಇಟ್ಟುಕೊಂಡು ಬಂದಳು. ಜೀಪಿಗೆ ತನ್ನ ಕಾಣಿಕೆಯಂತೆ. ಟ್ಯಾಂಕಿನಲ್ಲಿ ಜಾಗವಿರಲಿಲ್ಲ. ಎಲ್ಲರೂ ನೋಡುತ್ತಿದ್ದರು, ಭಾಸುರಾಂಗನ್ ಮುಚ್ಚಳ ತೆಗೆದು ಬಾಟಲಿ ಬಗ್ಗಿಸಿದ. ಡೀಸಲ್ ಚಕ್ರದ ಮೇಲೆ ಹರಿದು ಮಣ್ಣು ಸೇರಿತು. ಸಾರ್ ಪಂಚಾಯತಿಯ ಪರವಾಗಿ ಕೃತಜ್ಞತೆ ಸಲ್ಲಿಸಿದರು.

ಮುಳ್ಳು ಕದಲದಿದ್ದುದನ್ನು ಕಂಡು ಅಮ್ಮಚ್ಚಿ, ಒಂದು ಬಾಟಲಿ ಸಾಲಲಿಲ್ಲವೆಂದು ನೊಂದುಕೊಂಡು, ಇನ್ನೊಂದು ಸಲ ಎರಡು ತರುತ್ತೇನೆಂದಳು. ಉಪಸಮಿತಿ ಅದಕ್ಕೆ ಅನುಮತಿ ನೀಡಿತು.