ಲ್ಯಾಪ್‌ಟಾಪ್ ಎಂಬ ಮನೆಯಳಿಯ

ನಮ್ಮ ಅತ್ತೆ ಲ್ಯಾಪ್‌ಟಾಪ್ ಕೊಂಡಳು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕೊಳ್ಳುವುದೆಂದರೆ ನೀವೂ ನಾನೂ ಮಾಡುವಂಥ ಬಡಪಾಯಿ ಕೆಲಸ. ಅಂಗಡಿಗೆ ಹೋಗಿ, ಬೆಲೆ ಕೇಳಿ ಹೌಹಾರಿ, ಕೊನೆಗೆ ಅಂಗಡಿಯವ ಹೊಗಳಿದ್ದನ್ನೇ ಹೊತ್ತುಕೊಂಡು ಬರುವುದು. ಅತ್ತೆ ಹಾಗೆ ಮಾಡಿಯಾಳೆ? ಆಕೆ ಲ್ಯಾಪ್‌ಟಾಪಿನ ಮನೆತನ ವಿಚಾರಿಸಿದಳು, ನಡತೆ ಕೇಳಿದಳು, ಸಿಟ್ಟು ಸೆಡವು ಪರೀಕ್ಷಿಸಿದಳು. ಆಮೇಲೆ ಅದನ್ನು ಮನೆಯಳಿಯನನ್ನಾಗಿ ಮಾಡಿಕೊಂಡಳು!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಬಸವನ ಬಾಗೇವಾಡಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವಳ ಮನೆ. ತನ್ನ ಒಬ್ಬ ಮಗಳಿಗಷ್ಟೇ ಅಲ್ಲ, ಓಣಿಯ ಅರ್ಧ ಹೆಣ್ಣುಮಕ್ಕಳಿಗೂ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಗಂಡು ನೋಡಿ ದಡ ಮುಟ್ಟಿಸಿದವಳು. ಹುಡುಗನ ಚಪ್ಪಲಿಯ ಹಿಮ್ಮಡಿ ಸವೆದ ರೀತಿ ನೋಡಿಯೇ ಅವನು ಹೆಂಡತಿಯನ್ನು ಹೇಗೆ ನೋಡಿಕೊಂಡಾನು ಎಂದು ಹೇಳಬಲ್ಲಳು. ಇಂಥವಳ ಕೈಗೆ ಲ್ಯಾಪ್‌ಟಾಪ್ ಆರಿಸುವ ಕೆಲಸ ಸಿಕ್ಕರೆ ದೇವರೇ ಗತಿ. ದೇವರಿಗಿಂತ ಮೊದಲು ನಾನು ಗತಿ, ಯಾಕೆಂದರೆ ಕಾರು ಇದ್ದದ್ದು ನನ್ನ ಹತ್ತಿರ!

ಲ್ಯಾಪ್‌ಟಾಪ್ ಬೇಕಾಗಿದ್ದು ಮಾವನಿಗೆ, ಅಂದರೆ ಅತ್ತೆಯ ಗಂಡನಿಗೆ. ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಲಕ್ವಾ ಹೊಡೆದು ಎಡಗೈ, ಎಡಗಾಲು ಹೋದವು. ನಾಲಿಗೆ ಹೊರಳದಾಯಿತು. ಹತ್ತು ಬೆರಳಿನ ಸರದಾರರು ಬಲಗೈಯ ಒಂದು ತೋರುಬೆರಳಿಗೆ ಇಳಿದರು. ಅಂದಿನಿಂದ ಪಡಸಾಲೆಯ ಡೆಸ್ಕ್‌ಟಾಪ್ ಕಂಪ್ಯೂಟರೇ ಅವರ ಬಾಯಿ. ಏನು ಹೇಳಬೇಕಾದರೂ ಪರದೆಯ ಮೇಲೆ ದಪ್ಪಕ್ಷರದಲ್ಲಿ ಟೈಪು ಮಾಡುತ್ತಾರೆ. ಆದರೆ ಭಾಷೆ? ಜೀವಮಾನವೆಲ್ಲ ಬಡಿದ ಕಚೇರಿ ಕನ್ನಡ ಬಿಟ್ಟರೆ ಬೇರೆ ಕನ್ನಡ ಅವರ ಬೆರಳಿಗೆ ಬಾರದು!

“ಬೆಳಗಿನ ಚಹಾ ಈವರೆಗೆ ತಲುಪಿರುವುದಿಲ್ಲ. ವಿಳಂಬಕ್ಕೆ ಕಾರಣ ತಿಳಿಸತಕ್ಕದ್ದು” ಎಂದು ಪರದೆಯ ಮೇಲೆ ಮೂಡುತ್ತದೆ.

ಅತ್ತೆ ಅಡುಗೆಮನೆಯಿಂದ ಬಂದು ಇಣುಕಿ ಓದಿ, “ಅಯ್ಯ, ಕುದೀಬೇಕೋ ಬ್ಯಾಡೋ? ಏನ್ ಬಸ್ಸು ತಪ್ಪೂದೈತಿ ನಿಮಗ?” ಎಂದು ತಿರುಗಿ ಹೋಗುತ್ತಾಳೆ.

ಆ ಕಂಪ್ಯೂಟರಿಗೋ, ಮುಪ್ಪು ಅಡರಿತ್ತು. ಶುರುವಾದರೆ ಹಿಟ್ಟಿನ ಗಿರಣಿಯ ಸದ್ದು. ಬೇಸಿಗೆಯಲ್ಲಿ ಮಾತಿನ ನಡುವೆಯೇ ಕಣ್ಣು ಮುಚ್ಚುತ್ತಿತ್ತು. ಒಂದು ಮಧ್ಯಾಹ್ನ ಮಾವ “ಇಂದಿನ ಪಲ್ಯದಲ್ಲಿ ಉಪ್ಪಿನ ಪ್ರಮಾಣವು” ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಹೆಚ್ಚೋ ಕಡಿಮೆಯೋ? ಅತ್ತೆ ತನ್ನ ವಿವೇಚನೆಯಂತೆ ಇನ್ನೊಂದು ಚಿಟಿಕೆ ಹಾಕಿದಳು. ಮಾವನ ಮುಖ ನೋಡಿದ ಮೇಲೆ ಉಳಿದ ಅರ್ಧ ವಾಕ್ಯ ಎಲ್ಲರಿಗೂ ತಿಳಿಯಿತು!

ಒಮ್ಮೆ ಮಾತ್ರ ಅದು ಎರಡು ದಿನ ಏಳಲೇ ಇಲ್ಲ. ಮಾವ ಗೋಡೆ ನೋಡುತ್ತ ಕುಳಿತರು. ಅತ್ತೆ ನನ್ನನ್ನು ಕರೆಸಿ, “ತಮ್ಮಾ, ನಾ ಒಬ್ಬಾಕಿನ ಒದರಿ ಒದರಿ ಸಾಕಾತಲೇ. ತಿರಿಗಿ ಬೈಯವ್ರಿಲ್ಲಂದ್ರ ಅದೊಂದು ಮನಿ ಏನು? ಇದು ಪೂರಾ ಸಾಯೂದ್ರಾಗ ಹಾಸಿಗಿ ಮ್ಯಾಲ ಇಡೂವಂಥಾದ್ದೊಂದು ನೋಡಬೇಕು” ಎಂದಳು.

ನಾನು ಬುದ್ಧಿವಂತನಲ್ಲವೇ? ಮೊಬೈಲಿನಲ್ಲೇ ಬರೆಯಬಹುದಲ್ಲ ಎಂದೆ. ಮಾವ ಅಷ್ಟರಲ್ಲಿ ಮತ್ತೆ ಜೀವ ಪಡೆದಿದ್ದ ಕಂಪ್ಯೂಟರಿನಲ್ಲಿ, “ಇರುವೆಗಳ ಸಾಲಿನಲ್ಲಿ ಒಂದೇ ಇರುವೆಯನ್ನು ಮುಟ್ಟಲು ಈ ಬೆರಳು ಅಸಮರ್ಥವಿದೆ. ಪ್ರಸ್ತಾವನೆಯನ್ನು ತಿರಸ್ಕರಿಸಿದೆ” ಎಂದು ಬರೆದರು. ಸರಿ, ಆನ್‌ಲೈನಿನಲ್ಲಿ ಲ್ಯಾಪ್‌ಟಾಪ್ ತರಿಸೋಣ ಎಂದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬರೇ ಫೋಟೋ ನೋಡಿ ಮಾಡಿದ ಸಂಬಂಧ ಯಾವುದು ನೆಟ್ಟಗ ಬಾಳೇತಿ, ಹೇಳು ನೋಡೋಣು?”

ನನ್ನದೇ ಮದುವೆ ಫೋಟೋ ನೋಡಿ ಆದದ್ದು. ಕಾರಿನ ಕೀಲಿ ತೆಗೆದುಕೊಂಡೆ.

ಮೊದಲು ಸಿಂದಗಿ. ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ ಅತ್ತೆ ಅಂಗಡಿಗೆ ಬೆನ್ನು ಹಾಕಿ ಎದುರಿನ ಚಹಾದಂಗಡಿಗೆ ನಡೆದಳು. ಗಂಡಿನ ಮನೆಯ ಹೊಸ್ತಿಲು ತುಳಿಯುವ ಮುಂಚೆ ಓಣಿಯಲ್ಲಿ ವಿಚಾರಿಸಬೇಕು ಎನ್ನುವುದು ಆಕೆಯ ಶಾಸ್ತ್ರ.

“ಏನಪಾ, ಎದುರಿನ ಅಂಗಡ್ಯಾಂದು ಹೆಂಗ? ನೆಚ್ಚಬಹುದೇನು?”

ಚಹಾದವ ಗ್ಲಾಸು ಒರೆಸುವುದನ್ನು ನಿಲ್ಲಿಸಿದ. “ಮಾಲಕಂದ್ ಕೇಳಾಕತ್ತೀರೇನ್ರಿ ಅವ್ವಾರ? ಮನಶ್ಯಾ ಬಂಗಾರದಂಥಾಂವ. ಖರೆ ನೀವು ತಡಾ ಮಾಡಿದ್ರಿ. ಹ್ವಾದ ವರ್ಷನ ಲಗ್ನ ಆತು.”

“ಅವನ್ನ ಕಟ್ಟಿಕೊಂಡು ನಾ ಏನ್ ಮಾಡ್ಲಿ? ಅವನ ಲ್ಯಾಪ್‌ಟಾಪ್ ಹೆಂಗ ಅದಾವ ಹೇಳು!”

ಆ ಚಹಾದವ ನನಗೆ ಸಕ್ಕರೆ ಹೆಚ್ಚು ಹಾಕಿ ಕೊಟ್ಟ. ಸಹಾನುಭೂತಿ ಇರಬೇಕು.

ಒಳಗೆ ಅಂಗಡಿಯವ ತೆಳ್ಳಗೆ ಬೆಳ್ಳಗಿನದೊಂದನ್ನು ತೆರೆದಿಟ್ಟು, ಎಂಟು ಜಿಬಿ, ಹದಿನಾರು ಜಿಬಿ ಎಂದು ಮಂತ್ರ ಶುರು ಮಾಡಿದ. ಅತ್ತೆ ಕೈ ಎತ್ತಿದಳು.

“ಎತ್ತರ, ಬಣ್ಣಾ ಕಣ್ಣಿಗೆ ಕಾಣಸ್ತೈತಿ. ಸಿಟ್ಟು ಹೆಂಗ? ಜಲ್ದಿ ಬಿಸಿ ಆಗ್ತಾನೇನು?”

“ಯಾರ್ರಿ?”

“ಇಂವ!”

ಅವನ ಉತ್ತರಕ್ಕೆ ಕಾಯದೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಹೊದಿಸಿ, ಕಣ್ಣು ಮುಚ್ಚಿ ಕುಳಿತೇಬಿಟ್ಟಳು. ಬಂದ ಗಿರಾಕಿಯೊಬ್ಬರು ಮೈಮೇಲೆ ದೇವಿ ಬಂದಿದ್ದಾಳೆ ಎಂದು ತಿಳಿದು ಕೈಮುಗಿದು ಹಿಂದೆ ಸರಿದರು! ಬಹಳ ಹೊತ್ತಿನ ಮೇಲೆ ದೇವಿ ಕಣ್ಣು ಬಿಟ್ಟಳು.

“ತೊಡಿ ಸುಟ್ಟಿತು. ಬ್ಯಾಡ.”

“ಅಷ್ಟು ಬಿಸಿ ಎಲ್ಲಾವೂ ಆಗ್ತಾವ ಅತ್ತಿ” ಎಂದೆ.

“ನನಗೂ ನಿನಗೂ ಸುಟ್ರ ತಿಳೀತೈತಿ. ಇವರ ಆ ಕಾಲಿಗೆ ಬಿಸಿ ತಣ್ಣಗ ಏನೂ ತಿಳಿಯೂದಿಲ್ಲೋ ತಮ್ಮಾ” ಎಂದು ಎದ್ದಳು. ಬಾಗಿಲಲ್ಲಿ ನಿಂತು ಅಂಗಡಿಯವನಿಗೆ, “ಮನಿಗೆ ಹೋಗಿ ಹೇಳಿ ಕಳಸ್ತೇವಿ” ಎಂದಳು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಪಾಪ, ಅವನು ನನ್ನ ನಂಬರು ಬರೆದುಕೊಂಡ.

ಇಂಡಿಯಲ್ಲಂತೂ ಅಂಗಡಿಗೇ ಹೋಗಲಿಲ್ಲ. ನೇರ ರಿಪೇರಿಯವನ ಹತ್ತಿರ ಹೋಗಿ, “ಯಾವ ಮನೆತನದವು ಪದೇ ಪದೇ ತವರಿಗೆ ತಿರುಗಿ ಬರ್ತಾವಪಾ?” ಎಂದು ಕೇಳಿದಳು. ಗಂಡು ಹೇಗೆ ತವರಿಗೆ ಬಂದೀತು ಎಂದು ನೀವು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಾಗಿದೆ. ಅವನು ಮೂಲೆಯ ರಾಶಿ ತೋರಿಸಿ, ತೆಳ್ಳಗಿನವೆಲ್ಲ ಬಿಜಾಗರಿ ಮುರಿದುಕೊಂಡು ಬರುತ್ತವೆ ಎಂದ. ಅತ್ತೆ ನನ್ನತ್ತ ತಿರುಗಿದಳು. “ಕೇಳಿದೇನು? ಸೊಂಟಾ ಗಟ್ಟಿಲ್ಲದಾಂವ ಸಂಸಾರ ಮಾಡ್ತಾನೇನು?”

ಸಂಜೆ ಮನೆಗೆ ಬಂದರೆ ಪರದೆ ಕಾಯುತ್ತಿತ್ತು: “ಪ್ರವಾಸದ ಫಲಿತಾಂಶ ಶೂನ್ಯ. ಇಂಧನದ ಖರ್ಚನ್ನು ಅಳಿಯನೇ ಭರಿಸತಕ್ಕದ್ದು.” ಇಲ್ಲಿ ಅಳಿಯ ಎಂದರೆ ನಾನು!

ಕೊನೆಗೆ ಮುದ್ದೇಬಿಹಾಳ. ಅಲ್ಲಿಯ ಅಂಗಡಿಯಲ್ಲಿ ಹೊಳೆಯುವವನ್ನೆಲ್ಲ ಬಿಟ್ಟು ಅತ್ತೆಯ ಕಣ್ಣು ಬಿದ್ದದ್ದು ಹಿಂದಿನ ಕಪಾಟಿನಲ್ಲಿ ಸೆಟೆದು ಕೂತಿದ್ದ ಒಂದು ಕರಿಯ, ದಪ್ಪ, ಎಮ್ಮೆಯಂಥ ಲ್ಯಾಪ್‌ಟಾಪಿನ ಮೇಲೆ. ಒಂದು ಬೆರಳಿನಿಂದ ಕೀಲಿ ಒತ್ತಿದಳು. ಟಕ್ ಎಂದಿತು. ಇನ್ನೊಂದು ಒತ್ತಿದಳು.

“ಹಾಂ! ಒತ್ತಿದ್ದು ಬೆರಳಿಗೆ ತಿಳೀಬೇಕು ನೋಡು. ಇಂವ ಮಾತು ಕೇಳ್ತಾನ.”

ಅಂಗಡಿಯವ ನಾಚಿಕೊಂಡ. “ಅವ್ವಾರ, ಅದು ಹೊಸಾದಲ್ರಿ. ಮೊದಲ ಒಂದು ಕಂಪನ್ಯಾಗ ಇತ್ತು.”

“ಎರಡನೇ ಸಂಬಂಧ ಅನ್ನು! ಮೊದಲಿನ ಮನಿ ಯಾಕ ಬಿಟ್ಟ?”

“ಕಂಪನ್ಯಾವರು ಎಲ್ಲಾ ಹೊಸಾವು ತೊಗೊಂಡ್ರರಿ.”

“ಅಂದಮ್ಯಾಲೆ ಇವಂದೇನೂ ತಪ್ಪಿಲ್ಲ. ಪಳಗಿದಾಂವ, ಬರ್ಲಿ. ಖರೆ ನಮ್ಮ ಮನಿಯವರು ಒಪ್ಪಬೇಕು. ನೀನ ತೊಗೊಂಡು ಬಾ.”

ನಂಬುತ್ತೀರೋ ಇಲ್ಲವೋ, ಆ ಮನುಷ್ಯ ಮರುದಿನ ಮೋಟರ್‌ಸೈಕಲ್ಲಿನ ಮೇಲೆ ಬಾಗೇವಾಡಿಗೆ ಬಂದೇಬಿಟ್ಟ! ಅತ್ತೆ ಅವನಿಗೆ ಶೇಂಗಾ ಹೋಳಿಗೆ, ಮೇಲೆ ತುಪ್ಪ ಬಡಿಸಿದಳು. ಅಷ್ಟು ಊರು ತಿರುಗಿಸಿದ ನನಗೆ ಚುರಮುರಿ. ಬೀಗರ ಮುಂದೆ ಸ್ವಂತದವರದು ಯಾವಾಗಲೂ ಇದೇ ಪಾಡು!

ಅಂದು ಹಳೆಯ ಕಂಪ್ಯೂಟರ್ ಬೆಳಗಿನಿಂದ ಉಸಿರೆತ್ತಿರಲಿಲ್ಲ. ಮಾವ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ಹೊಸದನ್ನು ಮುಂದಿಟ್ಟೆವು. ತೋರುಬೆರಳು ಕೀಲಿಗಳ ಮೇಲೆ ಸ್ವಲ್ಪ ತಡಕಾಡಿತು, ಆಮೇಲೆ ಹಾದಿ ಹಿಡಿಯಿತು. “ಸದರಿ ಯಂತ್ರವು ತೃಪ್ತಿಕರವಾಗಿದೆ. ಹೋಳಿಗೆ ಮಾತ್ರ ಈ ಕಡೆಗೆ ಮಂಜೂರಾಗಿರುವುದಿಲ್ಲ.”

ಅತ್ತೆಯ ಎದೆಯಿಂದ ಇಳಿದ ಭಾರದ ಸದ್ದು ನಮಗೂ ಕೇಳಿಸಿತು. ಅಂಗಡಿಯವನಿಗೆ ಹುರುಪು ಬಂತು. “ಇದರಾಗ ಇನ್ನೊಂದು ಮಜಾ ಐತ್ರಿ” ಎಂದು ಏನೋ ಒತ್ತಿದ. ಲ್ಯಾಪ್‌ಟಾಪ್ ಬಸ್‌ಸ್ಟ್ಯಾಂಡಿನ ಹೆಣ್ಣುದನಿಯಲ್ಲಿ, ಸದರಿ ಯಂತ್ರವು ತೃಪ್ತಿಕರವಾಗಿದೆ, ಹೋಳಿಗೆ ಮಾತ್ರ ಎಂದು ಗಟ್ಟಿಯಾಗಿ ಓದತೊಡಗಿತು. ಮಾವನ ಎದೆ ನಗೆಯಿಂದ ಕುಲುಕಿತು.

“ಯಾರಕಿ ಈಕಿ? ನನ್ನ ಮನ್ಯಾಗ ನಿಂತು ನನಗ ಹೋಳಿಗಿ ಕೇಳಾಕಿ!” ಎಂದಳು ಅತ್ತೆ.

“ಗಂಡಸರ ದನಿನೂ ಐತ್ರಿ ಅವ್ವಾರ. ನೀವು ಚಾಳೀಸು ಹುಡುಕಿ ಓದೂ ತ್ರಾಸ ತಪ್ಪತೈತಿ. ಯಜಮಾನ್ರು ಬಡದ್ರ ಅದ ಮಾತಾಡ್ತೈತಿ” ಎಂದು ಇನ್ನೊಂದು ಒತ್ತಿದ.

ಗಂಡುದನಿ ಬಂತು. ಗಂಭೀರ, ಸ್ಪಷ್ಟ, ಎಲ್ಲೂ ತೊದಲಿಲ್ಲ. ಆ ಮನೆಯಲ್ಲಿ ಗಂಡಸಿನ ಮಾತು ಅಷ್ಟು ಸಲೀಸಾಗಿ ಕೇಳಿ ಎಷ್ಟೋ ಕಾಲವಾಗಿತ್ತು. ತುಪ್ಪದ ಚಮಚ ಹಿಡಿದ ಅತ್ತೆಯ ಕೈ ಅಲ್ಲೇ ನಿಂತಿತು.

“ಬಂದ್ ಮಾಡಪಾ ಅದನ್ನ.”

“ಯಾಕ್ರಿ, ಸ್ವಚ್ಛ ಐತಲ್ರಿ?”

“ಸ್ವಚ್ಛ ಐತಿ. ಅದ ಬ್ಯಾಡಾಗೈತಿ.” ಅತ್ತೆಯ ದನಿ ಇಳಿಯಿತು. “ಇವರು ಬರದಿದ್ದು ನಾ ಓದುವಾಗ ನನಗ ಇವರ ದನಿನ ಕೇಳ್ತೈತಿ. ಮೊದಲಿನ ದನಿ. ಇದು ದಿನಾ ಮಾತಾಡಾಕತ್ರ ಅದು ಮರತು ಹೊಕ್ಕೈತಿ ನನಗ.”

ಅಂಗಡಿಯವ ಬಂದ್ ಮಾಡಿದ. ಮಾವ ಅತ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಬೆರಳು ಮೆಲ್ಲಗೆ ಇಳಿಯಿತು. ಟಕ್, ಟಕ್. ನಾನು ಬಗ್ಗಿ ನೋಡಿದೆ.

“ಮೇಲಿನ ತೀರ್ಮಾನವನ್ನು ಯಥಾವತ್ತಾಗಿ ಅನುಮೋದಿಸಲಾಗಿದೆ.”

ಇಷ್ಟೇ. ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಅತ್ತೆ ಚಾಳೀಸು ಮೂಗಿಗೇರಿಸಿಕೊಂಡು, ತುಟಿ ಅಲುಗಿಸದೆ ಓದಿದಳು. ಓದಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಥೂ, ಸುಮ್ಮನಿರ್ರಿ! ಮಂದಿ ಕುಂತಾರ, ಹಂಗೆಲ್ಲಾ ಅಂತಾರೇನು?”