ಎಂಬತ್ತು ಕುದುರೆಯೋ, ನೂರಿಪ್ಪತ್ತು ಕುದುರೆಯೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತೂಗಿ ನೋಡದೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಕಬ್ಬಿನ ಟ್ರಾಕ್ಟರುಗಳನ್ನು ತೂಗುವ ವೇಬ್ರಿಡ್ಜಿನ ಕಿಟಕಿಯ ಹಿಂದೆ ಕೂತು ಮೂವತ್ತು ವರ್ಷ ಸವೆಸಿದವನು ನಾನು. ಗಾಡಿ ತಟ್ಟೆಯ ಮೇಲೆ ಹತ್ತುವ ಮುಂಚೆಯೇ ಟೈರಿನ ಉಬ್ಬು ನೋಡಿ ಇಷ್ಟು ಟನ್ನು ಎಂದು ಹೇಳುತ್ತಿದ್ದೆ, ಆಮೇಲೆ ಯಂತ್ರವೂ ಅದನ್ನೇ ಹೇಳಿದಾಗ ರೈತನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದೆ. ನಿವೃತ್ತನಾದ ಮೇಲೆ ಈ ಚಾಳಿ ಮನೆಯೊಳಕ್ಕೆ ಬಂತು. ಪಾಂಡವಪುರದ ಸಂತೆಯಿಂದ ಕುಂಬಳಕಾಯಿ ತಂದರೆ ಅಂಗೈಯಲ್ಲಿ ಎತ್ತಿಳಿಸಿ ನೋಡುತ್ತೇನೆ. ನೆಂಟರ ಮಗುವನ್ನು ಎತ್ತಿಕೊಂಡರೆ ಮುದ್ದು ಮಾಡುವ ಮೊದಲು ತೂಕ ಹೇಳುತ್ತೇನೆ. ಒಂದು ಮದುವೆಮನೆಯಲ್ಲಿ ಹೆಣ್ಣಿನ ಸೋದರತ್ತೆಯ ತೂಕವನ್ನು ಬಾಯಿತಪ್ಪಿ ಹೇಳಿಬಿಟ್ಟು ಊಟಕ್ಕೆ ನಿಲ್ಲದೆ ಬಂದದ್ದೂ ಉಂಟು. ಇಂಥ ನಾನು, ಒಂದು ವ್ಯಾನಿಗೆ ಎಷ್ಟು ಶಕ್ತಿಯ ಎಂಜಿನ್ನು ಬೇಕು ಎಂಬ ಪ್ರಶ್ನೆಯ ಮುಂದೆ ಮೂರು ವಾರ ತಲೆ ಕೆರೆದುಕೊಂಡು ಕೂತೆ. ಅದರ ಉತ್ತರ ನನಗೆ ಸಿಕ್ಕಿದ ರೀತಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ವ್ಯಾನು ಎಂದರೆ ಬರೀ ವ್ಯಾನಲ್ಲ. ಒಳಗೇ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ ಕ್ಯಾಂಪರ್ ವ್ಯಾನು. ಈ ಆಸೆ ನನ್ನ ಹೆಂಡತಿ ಸರೋಜಳದು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಅವಳನ್ನು ಕರೆದುಕೊಂಡು ಹೋದ ಊರುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಕಬ್ಬು ಅರೆಯುವ ಕಾಲದಲ್ಲಿ ರಜೆ ಇಲ್ಲ, ಅದು ಮುಗಿದರೆ ನನಗೆ ಸೊಂಟನೋವು. ಹೋದ ಆ ಒಂದೆರಡು ಕಡೆಗೂ ನಮ್ಮ ಅವ್ವ ಜೊತೆಗಿದ್ದಳು. ಮದುವೆಯಾದ ಹೊಸದರಲ್ಲಿ ಕನ್ನಂಬಾಡಿ ಕಟ್ಟೆಗೆ ಹೋದಾಗ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದವಳು ಅವ್ವ. ಹೊಸಹೊಳಲಿನ ಗುಡಿಯ ಜಗತಿಯ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದೇವೆ, ಅದರಲ್ಲೂ ನಡುವೆ ಅವ್ವ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿದೆ. ಸರೋಜ ಹೋದ ಸಂಕ್ರಾಂತಿಯ ದಿನ, ಎಳ್ಳು ಬೀರಿ ಬಂದವಳು, ತಟ್ಟೆ ಕೆಳಗಿಡುತ್ತಾ ಹೇಳಿದಳು: "ನೋಡಿ, ಒಂದ್ಸಲನಾದ್ರೂ ನಾವಿಬ್ರೇ ಎಲ್ಲಿಗಾದ್ರೂ ಹೋಗ್ಬೇಕು. ಸಮುದ್ರ ನೋಡ್ಬೇಕು ನಾನು."

ಶ್ರೀರಂಗಪಟ್ಟಣದ ಹೊರಗೆ ಹೆದ್ದಾರಿಯ ಪಕ್ಕ ಇಲಿಯಾಸ್ ಎಂಬುವನು ವ್ಯಾನುಗಳಿಗೆ ಒಳಮನೆ ಕಟ್ಟಿಕೊಡುತ್ತಾನೆ. ಅವನ ಶೆಡ್ಡಿನಲ್ಲಿ ಎರಡು ವ್ಯಾನು ಸಿದ್ಧವಾಗಿ ನಿಂತಿದ್ದವು. ಬಣ್ಣ ಒಂದೇ, ಮಂಚ ಒಂದೇ, ಕಿಟಕಿಯ ಪರದೆಯ ಮೇಲಿನ ಹೂವೂ ಒಂದೇ. ವ್ಯತ್ಯಾಸ ಇದ್ದದ್ದು ಎಂಜಿನ್ನಿನಲ್ಲಿ. ಒಂದಕ್ಕೆ ಎಂಬತ್ತು ಕುದುರೆಯ ಶಕ್ತಿ, ಇನ್ನೊಂದಕ್ಕೆ ನೂರಿಪ್ಪತ್ತು. "ಎಂಬತ್ತು ಡೀಸೆಲ್ ಕಮ್ಮಿ ಕುಡೀತದೆ ಸಾಬ್, ಸೀದಾ ರೋಡ್‌ಗೆ ಬೊಂಬಾಟ್. ಘಾಟಿ ಹತ್ತಬೇಕು, ಲೋಡ್ ಜಾಸ್ತಿ ಐತೆ ಅಂದ್ರೆ ನೂರಿಪ್ಪತ್ತು ತಗೋಳಿ. ಎಷ್ಟು ಜನ ಹೋಗ್ತೀರಿ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸರೋಜ "ಇಬ್ರು" ಎಂದಳು. ಆ ಮಾತನ್ನು ಅವಳು ಹೇಳಿದ ರೀತಿ, ಬಾಗಿಲು ಹಾಕಿ ಚಿಲಕ ಜಡಿದ ಹಾಗಿತ್ತು.

ಮನೆಗೆ ಬಂದು ನಾನು ಕಾಗದ ಪೆನ್ಸಿಲ್ಲು ಹಿಡಿದು ಕೂತೆ. ನೀರು ಇಷ್ಟು, ಗ್ಯಾಸು ಇಷ್ಟು, ಮಂಚ ಇಷ್ಟು, ಸರೋಜ ತುಂಬುವ ಅಕ್ಕಿ ರಾಗಿ ಹಪ್ಪಳದ ಡಬ್ಬಗಳು ಇಷ್ಟು. ಎಲ್ಲ ಕೂಡಿಸಿದರೂ ಇಬ್ಬರಿಗೆ ಎಂಬತ್ತು ಧಾರಾಳವಾಗಿ ಸಾಕು. ಆದರೆ ನನ್ನ ಮನಸ್ಸು ಮಾತ್ರ ನೂರಿಪ್ಪತ್ತರ ಕಡೆಗೇ ವಾಲುತ್ತಿತ್ತು. "ಇಬ್ರಿಗೆ ಅಷ್ಟೊಂದು ಯಾಕೆ? ಇನ್ನ್ಯಾರು ಬತ್ತಾವ್ರೆ?" ಎಂದು ಸರೋಜ ಕೇಳಿದರೆ ಘಾಟಿಯ ಏರು, ಎದುರು ಗಾಳಿ ಎಂದು ಏನೇನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜವಾದ ಕಾರಣವನ್ನು ನಿಮಗೆ ಮಾತ್ರ ಹೇಳುತ್ತೇನೆ. ಕೊನೆಯ ವರ್ಷ ಅವ್ವ ಒಂದು ದಿನ ಜಗಲಿಯಲ್ಲಿ ಕೂತು ಅಂಗೈಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ ತಿಕ್ಕುತ್ತಾ "ಲೇ ಸಿದ್ರಾಜ, ಸಮುದ್ರ ಅಂದ್ರೆ ಎಂಗಿರ್ತದ್ಲಾ? ಒಂದ್ಸಲ ತೋರ್ಸ್ಲಾ" ಎಂದಿದ್ದಳು. "ಸೀಸನ್ ಮುಗೀಲಿ ಕಣವ್ವ" ಎಂದಿದ್ದೆ. ಸೀಸನ್ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಸರೋಜಳಿಗೆ ಸಮುದ್ರ ತೋರಿಸುವ ಮಾತು ಬಂದಾಗಲೆಲ್ಲ ನನಗೆ ಅವ್ವನ ಮುಖವೇ ಎದುರಿಗೆ ಬರುತ್ತಿತ್ತು, ಮತ್ತು ಅದನ್ನು ಸರೋಜಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆ ಮಾರ್ಲಾಮಿ ಹಬ್ಬದಲ್ಲಿ ತೀರಿಕೊಂಡ ಹಿರೀಕರನ್ನು ಮನೆಗೆ ಕರೆಯುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಆಮೇಲೆ ಕೈಮುಗಿದು ಕಳಿಸಿಕೊಡುತ್ತೇವೆ. ಕರೆಯುವುದಕ್ಕೆ ಒಂದು ದಿನವಿದೆ, ಕರೆದವರನ್ನು ಉಣ್ಣಿಸಿ ಕಳಿಸುವುದಕ್ಕೆ ಒಂದು ಕ್ರಮವಿದೆ. ವ್ಯಾನನ್ನು ಓಡಿಸಿ ನೋಡಲು ಹೊರಟ ಬೆಳಿಗ್ಗೆ, ಹಬ್ಬವೂ ಅಲ್ಲದ ಹುಣ್ಣಿಮೆಯೂ ಅಲ್ಲದ ಒಂದು ಬೋಳು ಮಂಗಳವಾರ, ನಾನು ಅವ್ವನ ಫೋಟೋದ ಮುಂದೆ ನಿಂತೆ. ಸರೋಜ ಅಡುಗೆಮನೆಯಲ್ಲಿದ್ದಳು. ಮೆಲ್ಲಗೆ ಹೇಳಿದೆ: "ಅವ್ವ, ಗಾಡಿ ನೋಡಕೆ ಹೋಯ್ತಾ ಇವ್ನಿ. ನೀನೂ ಬಾ." ಎಡೆ ಇಲ್ಲ, ಧೂಪ ಇಲ್ಲ, ಕಳಿಸಿಕೊಡುವ ಮಾತಂತೂ ಇಲ್ಲವೇ ಇಲ್ಲ. ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಸರೋಜಳ ಆಸೆಯಂತೆ ಮೊದಲು ಎಂಬತ್ತು ಕುದುರೆಯದನ್ನೇ ಓಡಿಸಿದೆವು. ಸ್ಟೀರಿಂಗು ನನ್ನದು, ಪಕ್ಕದಲ್ಲಿ ಇಲಿಯಾಸ್, ಹಿಂದೆ ಮಂಚದ ಮೇಲೆ ಸರೋಜ. ಪಾಂಡವಪುರ ದಾಟಿ ಮೇಲುಕೋಟೆಯ ಕಡೆ ತಿರುಗುವವರೆಗೂ ವ್ಯಾನು ನೀರಿನಂತೆ ಹರಿಯಿತು. ಬೆಳಗಿನ ಹನ್ನೊಂದರ ಬಿಸಿಲು, ರಸ್ತೆಯ ಬದಿಗೆ ರಾಗಿ ಮೆದೆಗಳು, ಹೆದರುವಂಥದ್ದು ಏನೂ ಇರಲಿಲ್ಲ. ಬೆಟ್ಟದ ಏರು ಶುರುವಾಗುತ್ತಿದ್ದಂತೆ ವ್ಯಾನು ಏದುಸಿರು ಬಿಡತೊಡಗಿತು. ಮೂರನೆಯ ಗೇರು, ಎರಡನೆಯದು, ಒಂದನೆಯದು. ಇಲಿಯಾಸ್ ಮುಖ ಗಂಟಿಕ್ಕಿದ. "ಅರೆ ಏನ್ ಸಾಬ್ ಇದು! ಮೊನ್ನೆ ಎಂಟು ಜನನ ಕೂರಿಸ್ಕೊಂಡು ಇದೇ ರೋಡ್ ಹತ್ಸಿದೀನಿ, ಖಾಲಿ ಗಾಡಿಗೆ ಏನಾಯ್ತು?" ಆಗಲೇ ಹಿಂದಿನಿಂದ ಒಂದು ಸ್ಟೀಲಿನ ಲೋಟ ಉರುಳುತ್ತಾ ಬಂದು ನನ್ನ ಹಿಮ್ಮಡಿಗೆ ತಾಗಿತು. ಏರು ಹತ್ತುವ ಗಾಡಿಯಲ್ಲಿ ಲೋಟ ಹಿಂದಕ್ಕೆ ಉರುಳಬೇಕು. ಇದು ಮುಂದಕ್ಕೆ ಬಂದಿತ್ತು, ಯಾರೋ ಕಾಲಲ್ಲಿ ತಳ್ಳಿದ ಹಾಗೆ. ನಾನು ತೂಕದವನು, ಯಾವುದು ಯಾವ ಕಡೆ ವಾಲಬೇಕೆಂದು ನನಗೆ ಗೊತ್ತು.

ಇಲಿಯಾಸ್ ಒಳಗನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಕೈಯೆತ್ತಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿ, ತುಟಿಯಲ್ಲೇ ಏನೋ ಹೇಳಿಕೊಂಡ. "ಹಿಂದೆ ಯಾರ್ ಕೂತವ್ರೆ ಸಾಬ್?" ಎಂದ. "ನನ್ನ ಹೆಂಡ್ತಿ ಕಣಯ್ಯ, ನೀನೇ ಹತ್ತಿಸಿದೆಯಲ್ಲ." ಅವನು ನೇರ ರಸ್ತೆಯನ್ನೇ ನೋಡುತ್ತಾ ಹೇಳಿದ: "ಅಮ್ಮೋರು ಸರಿ. ಇನ್ನೊಬ್ರು?" ಹೊಸ ವ್ಯಾನಿನ ಪ್ಲಾಸ್ಟಿಕ್ಕು, ಬಣ್ಣ, ಅಂಟಿನ ವಾಸನೆಯ ನಡುವೆ ಕಡ್ಡಿಪುಡಿಯ ಘಾಟು ನನ್ನ ಮೂಗಿಗೆ ಬಡಿಯುತ್ತಿತ್ತು. ಹಿಂದಿನಿಂದ ಸರೋಜಳ ಸದ್ದೇ ಇಲ್ಲ. ಅವಳು ಸುಮ್ಮನಿದ್ದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಹೆದರಿದವನು ಸಾಮಾನ್ಯವಾಗಿ ದೇವಸ್ಥಾನಕ್ಕೆ ಹೋಗುತ್ತಾನೆ. ನಾನು ದೇವರ ಬೆಟ್ಟದಲ್ಲೇ ಇದ್ದರೂ ವೇಬ್ರಿಡ್ಜಿಗೆ ಹೋದೆ. ಜಕ್ಕನಹಳ್ಳಿ ದಾಟಿ ನಾಗಮಂಗಲದ ರಸ್ತೆಯಲ್ಲಿ ನನ್ನ ಹಳೆಯ ಜೊತೆಗಾರ ಜವರಪ್ಪ ಒಂದು ಖಾಸಗಿ ವೇಬ್ರಿಡ್ಜು ನೋಡಿಕೊಳ್ಳುತ್ತಾನೆ. ವ್ಯಾನು ಕಂಡದ್ದೇ "ಏನ್ಲಾ ಸಿದ್ರಾಜ, ಕಬ್ಬು ತೂಗಿದ್ದು ಸಾಲ್ದು ಅಂತ ಮನೇನೇ ತಕಬಂದ್ಬುಟ್ಟಿದ್ದೀಯಾ?" ಎಂದು ನಕ್ಕ. ಎಲ್ಲರನ್ನೂ ಇಳಿಸಿ ಮೊದಲು ಖಾಲಿ ವ್ಯಾನು ತೂಗಿಸಿದೆ. ಎರಡು ಸಾವಿರದ ಆರುನೂರು ಕೆಜಿ, ಇಲಿಯಾಸ್ ಹೇಳಿದ್ದಷ್ಟೇ. ನನಗೆ ಜೀವ ಬಂದ ಹಾಗಾಯಿತು. ಸರೋಜಳನ್ನು ಒಬ್ಬಳನ್ನೇ ಹತ್ತಿಸಿದೆ. ಅರವತ್ತು ಹೆಚ್ಚಾಯಿತು, ಅವಳ ತೂಕ ಅಷ್ಟೇ. ಅವಳನ್ನು ಇಳಿಸಿ ನಾನು ಹತ್ತಿದೆ. ಎಪ್ಪತ್ತು ಹೆಚ್ಚಾಗಬೇಕಿತ್ತು. ಕಿಟಕಿಯಿಂದ ಜವರಪ್ಪ "ನೂರಿಪ್ಪತ್ತು" ಎಂದು ಕೂಗಿದ.

"ಲೇ, ನಿಮ್ಮನೇಲಿ ಏನ್ಲಾ ಉಣ್ತೀಯ?" ಎಂದು ನಗುತ್ತಾ ಬಂದವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. ತಟ್ಟೆಯ ಕೆಳಗೆ ಕಲ್ಲು ಸಿಕ್ಕಿದೆಯೇನೋ ಎಂದು ಬಗ್ಗಿ ನೋಡಿದ. ಯಂತ್ರ ಆರಿಸಿ ಮತ್ತೆ ಹಾಕಿದ. ತಾನೇ ಹತ್ತಿ ಕೂತು ನನ್ನಿಂದ ನೋಡಿಸಿದ, ಅವನ ತೂಕ ಸರಿಯಾಗಿ ಬಂತು. ನಾನು ಹತ್ತಿದರೆ ಮತ್ತೆ ಐವತ್ತು ಜಾಸ್ತಿ. ನಾನು ಇಳಿದರೆ ಅದೂ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ಸಲ ತೂಗಿದಾಗ ಅವ್ವ ನಲವತ್ತೆಂಟು ಕೆಜಿ ಇದ್ದಳು. ಈ ಯಂತ್ರ ಹತ್ತು ಹತ್ತರ ಲೆಕ್ಕದಲ್ಲಿ ತೋರಿಸುವಂಥದ್ದು. ಮೂವತ್ತು ವರ್ಷ ಜನರಿಗೆ "ಯಂತ್ರ ಸುಳ್ಳು ಹೇಳಲ್ಲ ಕಣಣ್ಣ, ಹೋಗು" ಎಂದು ಗದರಿಸಿ ಕಳಿಸುತ್ತಿದ್ದವನಿಗೆ ಅವತ್ತು ಯಂತ್ರ ಸುಳ್ಳು ಹೇಳಲಿ ಎಂದು ಕೈಮುಗಿಯಬೇಕೆನ್ನಿಸಿತು.

ಸರೋಜ ತಟ್ಟೆಯ ಅಂಚಿನಲ್ಲಿ ಸೆರಗು ಹೊದ್ದು ನಿಂತಿದ್ದಳು. ನಾನು ಹತ್ತಿರ ಹೋಗಿ, ಬೆಳಿಗ್ಗೆ ಫೋಟೋದ ಮುಂದೆ ಹೇಳಿದ್ದನ್ನೆಲ್ಲ ಒದರಿಬಿಟ್ಟೆ. ಇನ್ನು ವ್ಯಾನೂ ಬೇಡ, ಸಮುದ್ರವೂ ಬೇಡ ಎಂದು ಅವಳು ಬಸ್ಸು ಹತ್ತಿ ಮನೆಗೆ ಹೋಗಿಬಿಡುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ.

"ನಂಗೊತ್ತು," ಎಂದಳು. "ಊರು ದಾಟೋ ಹೊತ್ಗೇ ಕಡ್ಡಿಪುಡಿ ವಾಸ್ನೆ ಬಂತು. ಮಂಚದ ಆ ಕಡೆ ಕೂತವ್ರೆ ಅಂತ ನಾನು ಈ ಕಡೆ ಸರ್ಕೊಂಡೆ."

"ಮತ್ತೆ ಹೇಳ್ಬಾರ್ದಾ?"

"ನೀವ್ ಹೇಳ್ತೀರಾ ಅಂತ ಕಾಯ್ತಿದ್ದೆ. ಅತ್ತೆ ಬತ್ತಿದ್ರು ಅಂತ ನಂಗೆ ಯಾವತ್ತೂ ಬೇಜಾರಿಲ್ಲ. ಕನ್ನಂಬಾಡೀಲಿ ನನ್ ಕೈ ಹಿಡ್ಕಂಡು ಮೆಟ್ಲು ಇಳ್ಸಿದ್ದು ಅವ್ರೇ, ನೀವು ಮುಂದಕ್ಕೆ ಹೊಂಟೋಗಿದ್ರಿ. ಒಂದ್ ದಿನನಾದ್ರೂ ನನ್ನ ಒಂದ್ ಮಾತು ಕೇಳಿ ಕರೆದ್ರಾ? ಆಗ್ಲೂ ಕೇಳ್ಲಿಲ್ಲ, ಈಗ್ಲೂ ಕೇಳ್ಲಿಲ್ಲ. ಅದು ನಂಗೆ ಬೇಜಾರು."

ಮೂವತ್ತೊಂದು ವರ್ಷದ ಈ ಭಾರ ನನ್ನ ಯಾವ ಕಾಗದದಲ್ಲೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಇಲಿಯಾಸ್, ಜವರಪ್ಪ ಇಬ್ಬರೂ ನೋಡುತ್ತಿದ್ದಂತೆಯೇ, ಆ ಸುಡುವ ಕಬ್ಬಿಣದ ತಟ್ಟೆಯ ಮೇಲೆ ನಿಂತು, "ಸರೋಜ, ಅವ್ವನ್ನ ಕರ್ಕೊಂಡು ಹೋಗೋಣ್ವಾ?" ಎಂದು ಕೇಳಿದೆ. ಬೇಡ ಎಂದರೆ ಏನು ಮಾಡುವುದು ಎಂದು ನಾನು ಯೋಚಿಸಿರಲೇ ಇಲ್ಲ. ಅವಳು ನನ್ನ ಕಡೆಗಲ್ಲ, ಇಲಿಯಾಸನ ಕಡೆಗೆ ತಿರುಗಿದಳು. "ನೂರಿಪ್ಪತ್ತರದ್ದೇ ಕೊಡಪ್ಪ. ಆದ್ರೆ ಹಿಂದ್ಗಡೆ ಮಂಚ ಪೂರ್ತಿ ನಂದು. ಅತ್ತೆ ಮುಂದೆ ಕೂತ್ಕೊಳ್ಳಿ, ಮಗನ ಪಕ್ಕ. ಸಮುದ್ರ ನೋಡ್ಕಂಡು ಬಂದ್ಮೇಲೆ ಎಡೆ ಇಟ್ಟು ಕಳ್ಸಿದ್ರಾಯ್ತು." ಇಲಿಯಾಸ್ ಎರಡೂ ಕೈ ಎತ್ತಿ "ಆಯ್ತಮ್ಮ" ಎಂದ. ಆದರೆ ಶ್ರೀರಂಗಪಟ್ಟಣಕ್ಕೆ ವಾಪಸು ನಮ್ಮ ಜೊತೆ ಬರಲು ಮಾತ್ರ ಒಪ್ಪಲಿಲ್ಲ. ನಾಗಮಂಗಲದಲ್ಲಿ ಯಾರನ್ನೋ ನೋಡುವುದಿದೆ ಎಂದು, ಸಿಕ್ಕಿದ ಬಸ್ಸು ಹತ್ತಿ, ಊರಿನ ವಿರುದ್ಧ ದಿಕ್ಕಿಗೆ ಹೋದ.

ಹೋದ ತಿಂಗಳು ನೂರಿಪ್ಪತ್ತು ಕುದುರೆಯ ವ್ಯಾನು ಮನೆಗೆ ಬಂತು. ಇಬ್ಬರಿಗೆ ಇಷ್ಟು ದೊಡ್ಡ ಎಂಜಿನ್ನು ಯಾಕೆ ಎಂದು ಬೀದಿಯವರು ಕೇಳಿದರೆ, ನೀರಿನ ತೊಟ್ಟಿ ಭಾರ ಎನ್ನುತ್ತೇನೆ. ಹೊರಟ ದಿನ ಕೆ.ಆರ್. ಪೇಟೆ ದಾಟಿ ಅಕ್ಕಿಹೆಬ್ಬಾಳಿನ ಹೊಳೆಯ ಹತ್ತಿರ ನಿಲ್ಲಿಸಿ ಬುತ್ತಿ ಉಂಡೆವು. ಸರೋಜ ಹಿಂದೆ ಹೋಗಿ ಕಾಲು ಚಾಚಿ ಮಲಗಿದಳು. ನಾನು ವ್ಯಾನು ಶುರು ಮಾಡಿದ್ದೇ ತಡ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿ ಕಿರ್‍ರೆಂದು ಸದ್ದಾಗತೊಡಗಿತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂಬ ಎಚ್ಚರಿಕೆ ಅದು. ಪಕ್ಕದ ಸೀಟು ಖಾಲಿಯಿತ್ತು. ಸೆನ್ಸರು ಕೆಟ್ಟಿರಬೇಕು ಎಂದುಕೊಂಡೆ. ಯಂತ್ರದ ಮೇಲೆ ತಪ್ಪು ಹೊರಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಸೀಟನ್ನು ತಟ್ಟಿದೆ, ಕೊಡವಿದೆ, ಸದ್ದು ನಿಲ್ಲಲಿಲ್ಲ. ಕೊನೆಗೆ ಅತ್ತ ಇತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಗ್ಗಿ ಬೆಲ್ಟು ಎಳೆದು ಖಾಲಿ ಸೀಟಿಗೆ ಕಟ್ಟಿದೆ. ಸದ್ದು ತಟ್ಟನೆ ನಿಂತಿತು. ಮಲಗಿದ್ದಾಳೆ ಎಂದುಕೊಂಡಿದ್ದ ಸರೋಜ ಹಿಂದಿನಿಂದ ಹೇಳಿದಳು: "ವಸಿ ಸಡ್ಲ ಬುಡಿ. ಈಗ್ತಾನೆ ಉಂಡವ್ರೆ."

ನಾನು ಕೈ ಚಾಚಿ ಬೆಲ್ಟನ್ನು ಸಡಿಲ ಮಾಡಲು ಹೋದೆ. ಅದಾಗಲೇ ಸಡಿಲವಾಗಿತ್ತು.