ವಿಮಾನ ನಿಲ್ದಾಣದಲ್ಲಿ ಹತ್ತು ಹೆಜ್ಜೆ

ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟುಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಮರುಕ. ಎಸ್ಸೆಸ್ಸೆಲ್ಸಿ ಮುಗಿಸಿ ತರಗುಪೇಟೆಯ ಬೇಳೆ ಮಂಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ನಲವತ್ತು ವರ್ಷ ಅಲ್ಲಿ ಕಲಿತ ವಿದ್ಯೆ ಒಂದೇ: ಬೆಲೆ ಕೇಳು, ಮುಖ ಸಿಂಡರಿಸು, ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆ. ಅಷ್ಟರಲ್ಲಿ "ಬನ್ನಿ ಸ್ವಾಮಿ, ನಿಮ್ಮ ಮಾತೂ ಬೇಡ, ನಮ್ಮ ಮಾತೂ ಬೇಡ" ಎಂದು ಕರೆದೇ ಕರೆಯುತ್ತಾರೆ. ಈ ವಿದ್ಯೆಯಿಂದ ಸೊಪ್ಪು ಕೊಂಡಿದ್ದೇನೆ, ಸೈಟೂ ಕೊಂಡಿದ್ದೇನೆ. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪನೂ ಹತ್ತು ಹೆಜ್ಜೆ ನಡೆದಿದ್ದರು. ಯಾರೂ ಕರೆಯದೆ ತಾವಾಗಿಯೇ ವಾಪಸು ಬಂದರೆಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಕಳೆದ ತಿಂಗಳು ಮೊಮ್ಮಗಳು ಚೈತ್ರಳ ಸೀಮಂತ, ಚಾಮರಾಜಪೇಟೆಯ ನಮ್ಮ ಮನೆಯಲ್ಲೇ. "ಮೊದಲ್ನೇ ಬಳೆ ದೊಡ್ಡಜ್ಜಿನೇ ತೊಡಿಸ್ಬೇಕು" ಎಂದು ಅವಳ ಹಟ. ದೊಡ್ಡಜ್ಜಿ ಎಂದರೆ ಪುಣೆಯಲ್ಲಿರುವ ನನ್ನ ಅಕ್ಕ. ಭಾವ ತೀರಿಕೊಂಡ ಮೂವತ್ತು ವರ್ಷಗಳಿಂದ ಶುಭಕಾರ್ಯಗಳಲ್ಲಿ ಅಕ್ಕನ ಜಾಗ ಅಡುಗೆಮನೆಯ ಬಾಗಿಲ ಹಿಂದೆ. ಅಲ್ಲಿರು ಎಂದು ಯಾರೂ ಹೇಳಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಕರೆದಿರಲಿಲ್ಲ, ನಾನೂ ಕೂಡ. ಬೀಗರನ್ನು ಒಪ್ಪಿಸಿದವಳೂ ಚೈತ್ರಳೇ. ಅವರದು ಒಂದೇ ಷರತ್ತು: ಶುಕ್ರವಾರ ಹತ್ತೂವರೆಗೆ ರಾಹುಕಾಲ, ಅದರೊಳಗೆ ಮೊದಲ ಬಳೆ ಆಗಿಬಿಡಬೇಕು.

ಶುಕ್ರವಾರ ಬೆಳಿಗ್ಗೆ ಅಕ್ಕನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಏಳಕ್ಕೆ ವಿಮಾನ ಇಳಿಯಿತು. ಹಸಿರು ಗಾಜಿನ ಬಳೆಗಳ ಡಬ್ಬಿಯನ್ನು ಎದೆಗವಚಿಕೊಂಡು ಅಕ್ಕ ಹೊರಗೆ ಬಂದಳು. ಚೈತ್ರ ಫೋನಿನಲ್ಲಿ ಹಾಕಿಕೊಟ್ಟಿದ್ದ ಟ್ಯಾಕ್ಸಿ ಆ್ಯಪ್ ತೆರೆದೆ, ಬೆಲೆ ಬಂತು. ಮುಖ ಸಿಂಡರಿಸಿ, ಫೋನನ್ನು ಜೇಬಿಗಿಟ್ಟು ಹತ್ತು ಹೆಜ್ಜೆ ನಡೆದೆ. ತೆಗೆದು ನೋಡಿದರೆ ಬೆಲೆ ಏರಿತ್ತು! ಇದೆಂಥ ವ್ಯಾಪಾರಿ? ಇನ್ನೂ ಹತ್ತು ಹೆಜ್ಜೆ ನಡೆದೆ, ಇನ್ನೂ ಏರಿತು. ಕೌಂಟರಿನ ಟ್ಯಾಕ್ಸಿಯವನನ್ನು ಕೇಳಿದೆ. "ಬೋರ್ಡ್ ರೇಟ್ ಸಾರ್, ಚೌಕಾಸಿ ಇಲ್ಲ" ಎಂದ. ಅವನಿಗೂ ಬೆನ್ನು ತಿರುಗಿಸಿ ನಡೆದೆ. ಹಿಂದಿರುಗಿ ನೋಡಿದಾಗ ಅವನು ಬೇರೆಯವರಿಗೆ ಚೀಟಿ ಹರಿದುಕೊಡುತ್ತಿದ್ದ.

"ಯಾವ್ದಾದ್ರೂ ಒಂದು ಹತ್ಸೋ, ಹೊತ್ತಾಗತ್ತೆ" ಎಂದಳು ಅಕ್ಕ.

"ಸುಮ್ನಿರಕ್ಕ, ನಾವು ಊರಿಗೆ ಹೊಸಬ್ರು ಅನ್ಕೊಂಡಿದಾರೆ ಇವ್ರು."

"ದುಡ್ಡು ನಾನು ಕೊಡ್ತೀನಿ ಕಣೋ."

"ದುಡ್ಡಿನ ಪ್ರಶ್ನೆ ಅಲ್ಲಕ್ಕ" ಎಂದೆ. ಅದು ಸುಳ್ಳೂ ಅಲ್ಲ.

ಕೊನೆಗೆ ಬಸ್ಸು ಹತ್ತಿದಾಗ ಎಂಟೂಕಾಲು. ಬಸ್ಸಿನದೇನೂ ತಪ್ಪಿಲ್ಲ, ತಣ್ಣಗಿತ್ತು, ಅಗ್ಗವಾಗಿತ್ತು, ಏಳೂಕಾಲಕ್ಕೇ ಹತ್ತಿದ್ದರೆ ಸುಖವಾಗಿ ತಲುಪುತ್ತಿದ್ದೆವು. ಹೆಬ್ಬಾಳದಲ್ಲಿ ವಾಹನಗಳ ನಡುವೆ ಅದು ನಿಂತೇಬಿಟ್ಟಾಗ ಅಕ್ಕ ಗಡಿಯಾರ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವುದು, ಬಳೆ ಮುಟ್ಟುವುದು, ಮುಚ್ಚುವುದು, ಇಷ್ಟೇ ಮಾಡುತ್ತಿದ್ದಳು. ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಹತ್ತೂಕಾಲು ದಾಟಿತ್ತು. ಆಟೋದವನು "ಮೀಟರ್ ಮೇಲೆ ಐವತ್ತು ಕೊಡಿ ಯಜಮಾನ್ರೇ" ಎಂದ. ಹೇಳಲು ನಾಚಿಕೆಯಾಗುತ್ತದೆ, ನಾನು ಅಲ್ಲೂ ನಡೆದೆ. ಅವನು ಕರೆದ. ಗೆದ್ದೆನೆಂದು ತಿರುಗಿದರೆ ಅಕ್ಕ ಆಗಲೇ ಆಟೋದೊಳಗೆ ಕೂತಿದ್ದಳು.

ಮನೆ ಮುಟ್ಟಿದಾಗ ಹತ್ತೂಮುಕ್ಕಾಲು. ಕೊನೆಯ ಗಳಿಗೆಯವರೆಗೂ ಕಾದು, ಚೈತ್ರಳ ಅತ್ತೆಯೇ ಮೊದಲ ಬಳೆ ತೊಡಿಸಿದ್ದರು. ಆಮೇಲೆ ಬಂದವರೆಲ್ಲ ತೊಡಿಸಿ ಅವಳ ಎರಡು ಕೈಯೂ ಮೊಣಕೈವರೆಗೆ ತುಂಬಿದ್ದವು. ಅವಳು ಅವನ್ನೆಲ್ಲ ಮೇಲಕ್ಕೊತ್ತಿ ಹಿಡಿದಳು. ಅಕ್ಕನವು ಎರಡೇ ಎರಡು ಬಳೆ ಹಿಡಿದವು.

"ಯಾಕಿಷ್ಟು ತಡ?" ಎಂದು ಎಲ್ಲರೂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ವಿಮಾನಾನೇ ತಡ ಕಣ್ರಮ್ಮ, ಇವನೇನ್ಮಾಡ್ತಾನೆ ಪಾಪ" ಎಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಅದರ ಬದಲು ಊಟಕ್ಕೆ ಕೂತು, ಎರಡನೆಯ ಹೋಳಿಗೆ ಹಾಕಿಸಿಕೊಳ್ಳುತ್ತ, ಈಗಿನ ವಿಮಾನಗಳಿಗೆ ಹೊತ್ತುಗೊತ್ತೇ ಇಲ್ಲವೆಂದು ಚೈತ್ರಳ ಮಾವನವರಿಗೆ ವಿವರವಾಗಿ ತಿಳಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಸಂಜೆ ಚೈತ್ರ ಹತ್ತಿರ ಬಂದು ಮೆಲ್ಲಗೆ, "ತಾತ, ವಿಮಾನ ಐದು ನಿಮಿಷ ಮುಂಚೆನೇ ಇಳಿದಿತ್ತು. ಫೋನಲ್ಲಿ ನೋಡ್ದೆ" ಎಂದಳು. "ದೊಡ್ಡಜ್ಜಿ ಸುಳ್ಳು ಹೇಳಿದ್ದು ನಾನು ಇದೇ ಮೊದಲು ಕೇಳಿದ್ದು. ಅದೂ ನಿನಗೋಸ್ಕರ."

"ನಿಮ್ಮ ಮಾವನವ್ರಿಗೆ ಗೊತ್ತಾ?"

"ಅವ್ರ ಫೋನಲ್ಲೇ ನೋಡಿದ್ದು."

ಅಕ್ಕನೆದುರು ನಿಂತು ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅಚ್ಚಾದರೆ ಅವಳ ಕಣ್ಣಿಗೆ ಬಿದ್ದೀತೆಂದು ಇದನ್ನು ಬರೆದಿದ್ದೇನೆ. ಇದರಲ್ಲೂ ನಾನು ಹಿಡಿದದ್ದು ಅಗ್ಗದ ದಾರಿಯನ್ನೇ, ನೋಡಿ.